ಬೇರಿನ ತುದಿಯಲ್ಲಿ ಪಿಷ್ಟದ ಕಣ ಬಿದ್ದರೆ ಅದನ್ನು ಗಮನಿಸುವುದು ಯಾವುದು?

ಪ್ರಶ್ನೆ: ಬೀಜವನ್ನು ಹೇಗೆ ತಿರುಗಿಸಿ ಬಿತ್ತಿದರೂ ಬೇರು ಕೆಳಮುಖವಾಗಿಯೇ ಇಳಿಯುತ್ತದೆ. ಬೇರಿನ ತುದಿಯ ಜೀವಕೋಶಗಳಲ್ಲಿರುವ ಪಿಷ್ಟದ ಕಣಗಳು ಗುರುತ್ವದಿಂದಾಗಿ ತಳಕ್ಕೆ ಬೀಳುವುದೇ ಇದಕ್ಕೆ ಕಾರಣವೆಂದು ಓದಿದ್ದೇನೆ. ಆದರೆ ನರಗಳೇ ಇಲ್ಲದ ಕೋಶದಲ್ಲಿ ಕಣ ಬಿದ್ದದ್ದನ್ನು ಅರಿಯುವುದು ಯಾವುದು? ಬಿದ್ದ ಕಣವು ತಳವನ್ನು ಒತ್ತುವುದರಿಂದ ಕೋಶಕ್ಕೆ ದಿಕ್ಕು ತಿಳಿಯುತ್ತದೆಯೇ? ಹಾಗಿದ್ದರೆ ತೂಕವೇ ಇಲ್ಲದ ಬಾಹ್ಯಾಕಾಶದಲ್ಲಿ ಬೇರಿನ ಗತಿಯೇನು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆ ಇದೆಯಲ್ಲ, ಈ ವಿಷಯದ ಅಧ್ಯಯನ ನೂರು ವರ್ಷಗಳಿಗೂ ಹೆಚ್ಚು ಕಾಲ ಎಡವುತ್ತಿದ್ದದ್ದು ಸರಿಯಾಗಿ ಅಲ್ಲಿಯೇ. ಪಿಷ್ಟದ ಕಣಗಳು ಬೀಳುತ್ತವೆ ಎಂಬುದು 1900ರಿಂದಲೇ ಗೊತ್ತಿದ್ದ ಸಂಗತಿ. ಆ ಬೀಳುವಿಕೆಯನ್ನು ಓದಿಕೊಳ್ಳುವ ಅಣು ಯಾವುದು ಎಂಬುದಕ್ಕೆ ಮನಸ್ಸಿಗೆ ಒಪ್ಪುವಂಥ ಉತ್ತರ ದೊರೆತದ್ದು 2023ರಲ್ಲಿ. ಕಣದ ಒತ್ತಡವನ್ನು ಕೋಶವು ಅಳೆಯುತ್ತದೆ ಎಂಬ ನಿಮ್ಮ ಊಹೆ ಸಹಜವಾದದ್ದೇ, ಬಹುಕಾಲ ತಜ್ಞರ ಊಹೆಯೂ ಅದೇ ಆಗಿತ್ತು. ಆದರೆ ಈಗ ದೊರೆತಿರುವ ಪುರಾವೆಗಳು ಕೋಶವು ಓದುವುದು ಕಣ ಎಷ್ಟು ಭಾರವಾಗಿ ಕೂತಿದೆ ಎಂಬುದನ್ನಲ್ಲ, ಎಲ್ಲಿ ಕೂತಿದೆ ಎಂಬುದನ್ನು ಎಂಬ ಕಡೆಗೆ ವಾಲುತ್ತಿವೆ. ಈ ವ್ಯತ್ಯಾಸ ಚಿಕ್ಕದೆಂದು ತೋರಬಹುದಾದರೂ ಇಡೀ ಉತ್ತರ ನಿಂತಿರುವುದು ಅದರ ಮೇಲೆಯೇ.

ಬೇರು ಅನುಸರಿಸುವುದು ಗುರುತ್ವವನ್ನೇ, ನೆಲದ ತೇವವನ್ನೋ ಕತ್ತಲನ್ನೋ ಅಲ್ಲ ಎಂಬುದನ್ನು ಮೊದಲು ಖಚಿತವಾಗಿ ತೋರಿಸಿದವರು ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್. ಹರಿಯುವ ನೀರಿನಿಂದ ವೇಗವಾಗಿ ತಿರುಗುವ ಚಕ್ರದ ಅಂಚಿಗೆ ಅವರು ಮೊಳೆಯುವ ಅವರೆ ಜಾತಿಯ ಬೀಜಗಳನ್ನು ಕಟ್ಟಿದರು. ಬೀಜಗಳು ಚಕ್ರದೊಂದಿಗೆ ಸುತ್ತುತ್ತಲೇ ಇದ್ದುದರಿಂದ ಅವುಗಳ ಪಾಲಿಗೆ ಭೂಮಿಯ ಎಳೆತಕ್ಕೆ ಒಂದು ನಿಶ್ಚಿತ ದಿಕ್ಕು ಉಳಿಯಲಿಲ್ಲ. ಉಳಿದದ್ದು ಚಕ್ರದ ಹೊರಮುಖದ ಸೆಳೆತ ಮಾತ್ರ. ಬೇರುಗಳೆಲ್ಲ ಹೊರಕ್ಕೆ ಬೆಳೆದವು, ಕಾಂಡಗಳೆಲ್ಲ ಚಕ್ರದ ನಡುವಿನತ್ತ ಮುಖ ಮಾಡಿದವು. ಇದು 1806ರ ಮಾತು. ಮುಂದೆ 1872ರಲ್ಲಿ ಚೀಸೆಲ್‌ಸ್ಕಿ ಎಂಬ ವಿಜ್ಞಾನಿ ಬೇರಿನ ತುದಿಯನ್ನು ಕತ್ತರಿಸಿದರೆ ಉಳಿದ ಭಾಗ ಬೆಳೆಯುತ್ತದೆ, ಆದರೆ ಬಾಗುವುದಿಲ್ಲ ಎಂದು ಕಂಡರು. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಇಂಥ ಪ್ರಯೋಗಗಳನ್ನು ವಿಸ್ತರಿಸಿ, ಗುರುತ್ವವನ್ನು ಗ್ರಹಿಸುವ ಜಾಗ ತುದಿ, ಬಾಗುವ ಜಾಗ ಅದಕ್ಕಿಂತ ಕೆಲವು ಮಿಲಿಮೀಟರ್ ಹಿಂದೆ, ಎಂದರೆ ಇವೆರಡರ ನಡುವೆ ಏನೋ ಒಂದು ಸಂದೇಶ ಸಾಗಲೇಬೇಕು ಎಂದು ವಾದಿಸಿದರು. ಬೇರಿನ ತುದಿಯನ್ನು ಅವರು ಕೆಳದರ್ಜೆಯ ಪ್ರಾಣಿಯ ಮಿದುಳಿಗೆ ಹೋಲಿಸಿದ್ದು ಇಂದಿಗೂ ಉತ್ಸಾಹದಿಂದ ಉಲ್ಲೇಖಗೊಳ್ಳುತ್ತದೆ; ನನ್ನ ಅಭಿಪ್ರಾಯದಲ್ಲಿ ಆ ಹೋಲಿಕೆಗಿಂತ ಗ್ರಹಿಕೆ ಮತ್ತು ಬಾಗುವಿಕೆಯನ್ನು ಅವರು ಬೇರ್ಪಡಿಸಿ ನೋಡಿದ್ದೇ ದೊಡ್ಡ ಕೊಡುಗೆ. ತುದಿಯ ಯಾವ ಅಂಗಾಂಶ ಎಂಬುದು ಇನ್ನಷ್ಟು ಸ್ಪಷ್ಟವಾದದ್ದು 1966ರಲ್ಲಿ: ಮೆಕ್ಕೆಜೋಳದ ಬೇರಿನಿಂದ, ತುದಿಯನ್ನು ಮುಚ್ಚಿರುವ ಬೇರುಟೋಪಿಯನ್ನಷ್ಟೇ ಗಾಯವಾಗದಂತೆ ಕಳಚಿದಾಗ ಬೇರು ಎಂದಿನಂತೆ ಉದ್ದವಾಗುತ್ತಿದ್ದರೂ ದಿಕ್ಕನ್ನು ಕಳೆದುಕೊಂಡಿತು, ಹೊಸ ಟೋಪಿ ಮೂಡಿದ ಮೇಲೆ ದಿಕ್ಕು ಮರಳಿತು.

ಈ ಬೇರುಟೋಪಿಯ ನಡುವೆ ಕೆಲವೇ ಸಾಲುಗಳಲ್ಲಿ ಜೋಡಿಸಿದಂತಿರುವ ಕೋಶಗಳಿಗೆ ಕಾಲ್ಯುಮೆಲ್ಲಾ ಕೋಶಗಳೆಂದು ಹೆಸರು. ಅರಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಸಸ್ಯದಲ್ಲಿ ಲೇಸರ್ ಕಿರಣದಿಂದ ಒಂದೊಂದೇ ಕೋಶವನ್ನು ಸುಟ್ಟು ನೋಡಿದಾಗ ಎರಡನೆಯ ಸಾಲಿನ ನಡುವಿನ ಕೋಶಗಳು ಹೋದರೆ ಬಾಗುವಿಕೆಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತದೆ ಎಂದು ಕಂಡುಬಂದಿದೆ. ಈ ಕೋಶಗಳ ಒಳಗಿನ ವ್ಯವಸ್ಥೆಯೇ ಒಂದು ವಿಶೇಷ. ಸಾಮಾನ್ಯ ಸಸ್ಯಕೋಶದಲ್ಲಿ ದೊಡ್ಡದೊಂದು ರಸದಾನಿ ನಡುವಿನ ಜಾಗವನ್ನೆಲ್ಲ ಆಕ್ರಮಿಸಿಕೊಂಡಿರುತ್ತದೆ. ಇಲ್ಲಿ ಹಾಗಿಲ್ಲ, ರಸದಾನಿಗಳು ಸಣ್ಣವು. ಕೋಶಕೇಂದ್ರವು ಮೇಲ್ಗಡೆಗೆ ಸರಿದಿರುತ್ತದೆ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲವು ಅಂಚಿಗೆ ಒತ್ತರಿಸಿಕೊಂಡಿರುತ್ತದೆ, ಮತ್ತು ನಡುವಿನ ಕೋಶದ್ರವ್ಯದಲ್ಲಿ ದಪ್ಪನೆಯ ತಂತುಗಳ ಅಡ್ಡಿ ಕಡಿಮೆ. ಎಂದರೆ ಏನೋ ಒಂದು ಬೀಳುವುದಕ್ಕೆಂದೇ ಜಾಗ ತೆರವು ಮಾಡಿಟ್ಟ ಕೋಣೆ ಇದು. ಬೀಳುವ ವಸ್ತು ಅಮೈಲೋಪ್ಲಾಸ್ಟ್: ಪೊರೆಯ ಚೀಲವೊಂದರೊಳಗೆ ಪಿಷ್ಟದ ಹರಳುಗಳನ್ನು ತುಂಬಿಕೊಂಡ, ಎರಡು ಮೂರು ಮೈಕ್ರೋಮೀಟರ್ ಗಾತ್ರದ ಕಣ. ಬೇರನ್ನು ಅಡ್ಡ ಮಲಗಿಸಿದರೆ ಇವು ಕೆಲವೇ ನಿಮಿಷಗಳಲ್ಲಿ ಹಳೆಯ ತಳವನ್ನು ಬಿಟ್ಟು, ಈಗ ಕೆಳಗಾಗಿರುವ ಪಕ್ಕದ ಗೋಡೆಯ ಮೇಲೆ ಬಂದು ಕೂರುತ್ತವೆ. ಇದೇ ದಿಕ್ಸೂಚಕ ಎಂದು 1900ರಲ್ಲಿ ಗ್ರಾಟ್ಸ್‌ನ ಹಾಬರ್‌ಲಾಂಟ್ ಮತ್ತು ಪ್ರಾಗ್‌ನ ನೆಮೆಟ್ಸ್ ಪರಸ್ಪರ ಸಂಬಂಧವಿಲ್ಲದೆ ಪ್ರತಿಪಾದಿಸಿದರು. (ಇಲ್ಲೊಂದು ತಮಾಷೆಯ ತೊಡಕನ್ನು ಹೇಳಬೇಕು. ನಮ್ಮ ಸೂಕ್ಷ್ಮದರ್ಶಕಗಳ ವೇದಿಕೆ ಮಟ್ಟಸವಾಗಿರುತ್ತದೆ. ಅದರ ಮೇಲೆ ಜೀವಂತ ಬೇರನ್ನು ಇಟ್ಟ ಕ್ಷಣವೇ ನೀವು ಅದನ್ನು ಅಡ್ಡ ಮಲಗಿಸಿ ಪ್ರಯೋಗವನ್ನು ಆರಂಭಿಸಿಬಿಟ್ಟಿರುತ್ತೀರಿ. ಈ ಕಾರಣಕ್ಕಾಗಿಯೇ ಇಂದಿನ ಪ್ರಯೋಗಾಲಯಗಳು ಸೂಕ್ಷ್ಮದರ್ಶಕವನ್ನೇ ತೊಂಬತ್ತು ಡಿಗ್ರಿ ವಾಲಿಸಿ, ವೇದಿಕೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೆಲಸ ಮಾಡುತ್ತವೆ.)

ಪಿಷ್ಟವೇ ಏಕೆ ಬೇಕು, ಕೋಶದಲ್ಲಿರುವ ಯಾವುದಾದರೂ ಪ್ರೋಟೀನು ನೇರವಾಗಿ ಗುರುತ್ವವನ್ನು ಅರಿಯಬಾರದೇ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಅದಕ್ಕೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ. ಕೋಶದೊಳಗಿನ ಪ್ರತಿಯೊಂದು ಅಣುವೂ ಉಷ್ಣದಿಂದಾಗಿ ಸದಾ ಕುಲುಕಾಡುತ್ತಿರುತ್ತದೆ. ಒಂದು ಸಾಧಾರಣ ಪ್ರೋಟೀನು ಕೋಶದೊಳಗೆ ಹತ್ತು ಮೈಕ್ರೋಮೀಟರ್ ಕೆಳಗಿಳಿದರೆ ಅದು ಬಿಟ್ಟುಕೊಡುವ ಶಕ್ತಿಯು ಈ ಕುಲುಕಾಟದ ಶಕ್ತಿಯ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೂ ಇಲ್ಲ. ಅಂಥ ಅಣುವಿಗೆ ಮೇಲೆ, ಕೆಳಗೆ ಎಂಬ ಭೇದವೇ ಇಲ್ಲ. ಬಿರುಗಾಳಿಯಲ್ಲಿ ಹಾರುವ ಧೂಳಿನ ಕಣಕ್ಕೆ ತನ್ನ ತೂಕದ ಅರಿವಿಲ್ಲದಂತೆ. ಈಗ ಮೂರು ಮೈಕ್ರೋಮೀಟರ್ ವ್ಯಾಸದ ಅಮೈಲೋಪ್ಲಾಸ್ಟ್ ಒಂದನ್ನು ತೆಗೆದುಕೊಳ್ಳಿ. ಪಿಷ್ಟದ ಸಾಂದ್ರತೆ ನೀರಿನದ್ದರ ಸುಮಾರು ಒಂದೂವರೆ ಪಟ್ಟು. ಸುತ್ತಲಿನ ಕೋಶದ್ರವ್ಯವು ಅದನ್ನು ಮೇಲಕ್ಕೆತ್ತುವ ಬಲವನ್ನು ಕಳೆದು ಲೆಕ್ಕ ಹಾಕಿದರೆ, ಅದು ಅಷ್ಟೇ ದೂರ ಬಿದ್ದಾಗ ಬಿಡುಗಡೆಯಾಗುವ ಶಕ್ತಿ ಉಷ್ಣದ ಕುಲುಕಾಟಕ್ಕಿಂತ ನೂರು ಪಟ್ಟಿಗೂ ಹೆಚ್ಚು ಎಂದು ಬರುತ್ತದೆ. ಗದ್ದಲದ ನಡುವೆಯೂ ಕೇಳಿಸುವಷ್ಟು ದೊಡ್ಡ ದನಿ ಎಂದರೆ ಇದು. ಗಾತ್ರ ಹತ್ತರಲ್ಲೊಂದು ಪಾಲಾದರೆ ತೂಕವು ಸಾವಿರದಲ್ಲೊಂದು ಪಾಲಾಗುತ್ತದೆ, ಆಗ ಕಣವು ತಳಕ್ಕೆ ಕೂರುವ ಬದಲು ಕೋಶದ ತುಂಬ ಅಲೆಯುತ್ತಿರುತ್ತದೆ. ಆದ್ದರಿಂದ ಕೋಶಕ್ಕೆ ದೊಡ್ಡದೂ ಭಾರವಾದದ್ದೂ ಆದ ಒಂದು ಕಣ ಬೇಕೇ ಬೇಕು. ಪಿಷ್ಟವೇ ಆಗಬೇಕೆಂಬ ನಿಯಮವೇನೂ ಇಲ್ಲ: ಕಾರಾ ಎಂಬ ಪಾಚಿಯ ಬೇರಿನಂಥ ಎಳೆಗಳಲ್ಲಿ ಈ ಕೆಲಸವನ್ನು ಮಾಡುವುದು ಬೇರಿಯಂ ಸಲ್ಫೇಟಿನ ಹರಳುಗಳು.

ಪಿಷ್ಟದ ಕಣಗಳು ಕಾರಣವೋ ಅಥವಾ ಕೇವಲ ಜೊತೆಗಿರುವ ಸಂಗತಿಯೋ ಎಂಬುದನ್ನು ಪರೀಕ್ಷಿಸಲು ಎರಡು ದಾರಿಗಳಲ್ಲಿ ಪ್ರಯತ್ನಿಸಲಾಯಿತು. ಒಂದು, ಕಣವನ್ನು ಹಗುರ ಮಾಡುವುದು. ಪಿಷ್ಟ ತಯಾರಿಕೆಗೆ ಬೇಕಾದ ಕಿಣ್ವವೊಂದು ಕೆಟ್ಟಿರುವ ಅರಬಿಡಾಪ್ಸಿಸ್ ರೂಪಾಂತರಿ ಗಿಡಗಳಲ್ಲಿ ಅಮೈಲೋಪ್ಲಾಸ್ಟ್‌ಗಳು ಖಾಲಿ ಚೀಲಗಳಂತಿದ್ದು, ತಳಕ್ಕೆ ಕೂರುವುದಿಲ್ಲ. ಅಂಥ ಬೇರುಗಳು ಬಹಳ ನಿಧಾನವಾಗಿ, ಅರೆಮನಸ್ಸಿನಿಂದೆಂಬಂತೆ ಬಾಗುತ್ತವೆ. ಬಾಗುವುದೇ ಇಲ್ಲವೆಂದಲ್ಲ, ಆ ವಿಷಯಕ್ಕೆ ಮತ್ತೆ ಬರುತ್ತೇನೆ. ಇನ್ನೊಂದು, ಗುರುತ್ವವನ್ನು ಬದಲಿಸದೆಯೇ ಕಣವನ್ನು ಸರಿಸುವುದು. ಪಿಷ್ಟವನ್ನು ಬಲವಾದ ಕಾಂತಕ್ಷೇತ್ರವು ಅತಿ ಸಣ್ಣ ಪ್ರಮಾಣದಲ್ಲಿ ವಿಕರ್ಷಿಸುತ್ತದೆ. 1996ರಲ್ಲಿ ಕುಜ್ನೆಟ್ಸೋವ್ ಮತ್ತು ಹಾಸೆನ್‌ಸ್ಟೈನ್ ಬೇರಿನ ತುದಿಯ ಪಕ್ಕದಲ್ಲಿ ಜಾಗದಿಂದ ಜಾಗಕ್ಕೆ ತೀವ್ರವಾಗಿ ಬದಲಾಗುವ ಕಾಂತಕ್ಷೇತ್ರವನ್ನು ನಿರ್ಮಿಸಿ, ಕಣಗಳನ್ನು ಒಂದು ಬದಿಗೆ ತಳ್ಳಿದರು. ಕಣಗಳು ಸರಿದ ಕಡೆಗೇ ‘ಕೆಳಗೆ’ ಇದೆಯೆಂದು ನಂಬಿದಂತೆ ಬೇರು ಬಾಗಿತು. ಪಿಷ್ಟವಿಲ್ಲದ ರೂಪಾಂತರಿ ಬೇರುಗಳು ಅದೇ ಕಾಂತಕ್ಷೇತ್ರದಲ್ಲಿ ಬಾಗಲಿಲ್ಲ. ಬೇರಿಗೆ ಸುಳ್ಳು ಹೇಳಿ ನಂಬಿಸಿದ ಈ ಪ್ರಯೋಗ ನನಗೆ ಬಹಳ ಮೆಚ್ಚುಗೆಯಾದದ್ದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕಣ ಬಿದ್ದ ಮೇಲೆ ಏನಾಗುತ್ತದೆ? ದೀರ್ಘಕಾಲ ಚಲಾವಣೆಯಲ್ಲಿದ್ದ ವಿವರಣೆ ಹೀಗಿತ್ತು: ಕಣವು ಪೊರೆಯ ಮೇಲೆ ಕೂತು ಒತ್ತುತ್ತದೆ, ಇಲ್ಲವೇ ತಾನು ಕಟ್ಟಿಕೊಂಡಿರುವ ತಂತುಗಳನ್ನು ಜಗ್ಗುತ್ತದೆ, ಆ ಬಲದಿಂದ ಪೊರೆಯಲ್ಲಿರುವ ಅಯಾನು ದ್ವಾರಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದೇ ಸಂಕೇತ. ನಮ್ಮ ಕಿವಿಯೊಳಗಿನ ಸಮತೋಲದ ಅಂಗವು ಕೆಲಸ ಮಾಡುವುದು ಹೀಗೆಯೇ ಆದ್ದರಿಂದ ಈ ಹೋಲಿಕೆ ಆಕರ್ಷಕವಾಗಿತ್ತು. ಆದರೆ ಮೇಲಿನ ಲೆಕ್ಕವನ್ನೇ ಇನ್ನೊಂದು ಹೆಜ್ಜೆ ಮುಂದೊಯ್ದು ನೋಡಿ. ಒಂದು ಅಮೈಲೋಪ್ಲಾಸ್ಟ್ ಕೋಶದ್ರವ್ಯದಲ್ಲಿ ಮುಳುಗಿರುವಾಗ ಅದರ ತೂಕ ಒಂದು ಪಿಕೋನ್ಯೂಟನ್‌ನ (ಬಲವನ್ನು ಅಳೆಯುವ ಅತಿ ಸಣ್ಣ ಮಾನ) ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕೋಶದೊಳಗೆ ಸರಕು ಸಾಗಿಸುವ ಮಯೋಸಿನ್ ಎಂಬ ಒಂದೇ ಒಂದು ಪ್ರೋಟೀನು ಒಂದರಿಂದ ಕೆಲವು ಪಿಕೋನ್ಯೂಟನ್‌ಗಳಷ್ಟು ಬಲದಿಂದ ಎಳೆಯಬಲ್ಲದು. ಅಂದರೆ ಎಲ್ಲೆಡೆ ಎಳೆದಾಟ ನಡೆದಿರುವ ಕೋಶದಲ್ಲಿ ಕಣದ ತೂಕವನ್ನು ಬೇರ್ಪಡಿಸಿ ಅಳೆಯುವುದೆಂದರೆ ಸಂತೆಯ ನೂಕುನುಗ್ಗಲಿನಲ್ಲಿ ಹೆಗಲ ಮೇಲೆ ಕೂತ ಸೊಳ್ಳೆಯ ತೂಕವನ್ನು ಗುರುತಿಸಿದಂತೆ. ಅಸಾಧ್ಯವೆನ್ನಲಾರೆ, ಆದರೆ ಅದಕ್ಕಿಂತ ಸುಲಭದ ಉಪಾಯವಿದ್ದರೆ ಕೋಶವು ಅದನ್ನೇ ಹಿಡಿದಿರಬೇಕು.

ಸುಲಭದ ಉಪಾಯವಿದೆ ಎಂಬುದಕ್ಕೆ ಮೊದಲ ಸುಳಿವುಗಳು ದೊರೆತದ್ದು ಬೇರಿನಲ್ಲಲ್ಲ, ಕಾಂಡದಲ್ಲಿ. ತಿರುಗುವ ವೇದಿಕೆಯ ಮೇಲೆ ಎಳೆಯ ಕಾಂಡಗಳನ್ನಿಟ್ಟು ಒಟ್ಟು ಎಳೆತದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿದರೂ ಬಾಗುವಿಕೆಯ ಪ್ರಮಾಣ ಬದಲಾಗಲಿಲ್ಲ. ಬದಲಾದದ್ದು ಕಾಂಡವು ಆ ಎಳೆತದ ದಿಕ್ಕಿಗೆ ಎಷ್ಟು ಓರೆಯಾಗಿತ್ತು ಎಂಬುದಕ್ಕೆ ತಕ್ಕಂತೆ ಮಾತ್ರ. ಇದು 2016ರ ಫಲಿತಾಂಶ. ಬಲವನ್ನು ಅಳೆಯುವ ಉಪಕರಣವಾಗಿದ್ದರೆ ಬಲ ಹೆಚ್ಚಿದಾಗ ಓದಿಕೆಯೂ ಹೆಚ್ಚಬೇಕಿತ್ತು. ಎಂದರೆ ಸಸ್ಯದ ಬಳಿ ಇರುವುದು ತಕ್ಕಡಿಯಲ್ಲ, ಗಾರೆ ಕೆಲಸದವರ ರಸಮಟ್ಟ. ಆದರೆ ಇಲ್ಲೊಂದು ಆಕ್ಷೇಪಣೆ ಏಳುತ್ತದೆ: ಮರಳಿನ ರಾಶಿಯಿರುವ ಡಬ್ಬಿಯನ್ನು ಸ್ವಲ್ಪ ಓರೆ ಮಾಡಿದರೆ ಮರಳು ಜಾರುವುದಿಲ್ಲ, ಒಂದು ಮಿತಿ ಮೀರಿದ ಮೇಲಷ್ಟೇ ಜಾರುತ್ತದೆ, ಹಾಗಿರುವಾಗ ಕೆಲವೇ ಡಿಗ್ರಿಗಳ ಓರೆಯನ್ನು ಕಣಗಳ ರಾಶಿ ಹೇಗೆ ತೋರಿಸೀತು? ಇದಕ್ಕೆ 2018ರಲ್ಲಿ ದೊರೆತ ಉತ್ತರ ಸೊಗಸಾಗಿದೆ. ಕೋಶದೊಳಗಿನ ತಂತುಗಳು ಮತ್ತು ಮಯೋಸಿನ್‌ಗಳ ಎಳೆದಾಟದಿಂದಾಗಿ ಕಣಗಳು ಸದಾ ಅಲುಗಾಡುತ್ತಲೇ ಇರುತ್ತವೆ, ಹಾಗಾಗಿ ರಾಶಿಯು ಮರಳಿನಂತೆ ಹಠ ಹಿಡಿದು ನಿಲ್ಲದೆ ದ್ರವದಂತೆ ವರ್ತಿಸುತ್ತದೆ. ಎಷ್ಟೇ ಸಣ್ಣ ಓರೆಗೂ ನಿಧಾನವಾಗಿ ಹರಿದು ಮಟ್ಟಸವಾಗುತ್ತದೆ. ಅಡಚಣೆಯೆಂದು ತೋರಿದ್ದ ಗದ್ದಲವೇ ಉಪಕರಣದ ಸೂಕ್ಷ್ಮತೆಗೆ ಕಾರಣವಾಯಿತು.

ಸರಿ, ರಸಮಟ್ಟದ ಗುಳ್ಳೆಯನ್ನು ನೋಡುವ ಕಣ್ಣು ಯಾವುದು? ಲೇಝಿ ಎಂಬ ಹೆಸರಿನ ಪ್ರೋಟೀನುಗಳ ಕುಟುಂಬವೊಂದಿದೆ. ಇವು ಕೆಟ್ಟುಹೋದ ಗಿಡಗಳು ನೆಟ್ಟಗೆ ನಿಲ್ಲದೆ ನೆಲದ ಮೇಲೆ ಒರಗುವುದರಿಂದ ಸೋಮಾರಿ ಎಂಬರ್ಥದ ಈ ಹೆಸರು ಬಂತು. ಬೇರುಗಳಲ್ಲಿ ಇದೇ ಕುಟುಂಬದ ಹಲವು ಸದಸ್ಯರನ್ನು ಒಟ್ಟಿಗೆ ತೆಗೆದುಹಾಕಿದರೆ ಅಮೈಲೋಪ್ಲಾಸ್ಟ್‌ಗಳು ಎಂದಿನಂತೆ ಬೀಳುತ್ತವೆ, ಆದರೆ ಬೇರು ಸರಿಯಾದ ಕಡೆಗೆ ಬಾಗುವುದಿಲ್ಲ. ಎಂದರೆ ಬೀಳುವಿಕೆಗೂ ಬಾಗುವಿಕೆಗೂ ನಡುವಿನ ಕೊಂಡಿ ಇವು. 2023ರಲ್ಲಿ ಜಪಾನಿನ ಒಂದು ತಂಡ ಮತ್ತು ಚೀನಾದ ಇನ್ನೊಂದು ತಂಡ ಈ ಪ್ರೋಟೀನುಗಳಿಗೆ ಹೊಳೆಯುವ ಗುರುತನ್ನು ಜೋಡಿಸಿ ಜೀವಂತ ಕೋಶದಲ್ಲಿ ಹಿಂಬಾಲಿಸಿದಾಗ ಕಂಡದ್ದು ಹಿಂದಿನ ಊಹೆಗಳನ್ನು ಬದಿಗೆ ಸರಿಸುವಂತಿತ್ತು: ಲೇಝಿ ಪ್ರೋಟೀನುಗಳು ಅಮೈಲೋಪ್ಲಾಸ್ಟ್‌ನ ಮೈಮೇಲೆಯೇ ಅಂಟಿಕೊಂಡಿದ್ದವು, ಜೊತೆಗೆ ಆ ಕಣಗಳಿಗೆ ಹತ್ತಿರದ ಕೋಶಪೊರೆಯ ಮೇಲೂ ಇದ್ದವು. ಬೇರನ್ನು ಅಡ್ಡ ಮಲಗಿಸಿದಾಗ ಕಣಗಳು ಹೊಸ ತಳಕ್ಕೆ ಬಿದ್ದವು, ಸ್ವಲ್ಪ ಹೊತ್ತಿನಲ್ಲಿಯೇ ಪ್ರೋಟೀನೂ ಆ ಹೊಸ ತಳದ ಪೊರೆಯ ಮೇಲೆ ಕಾಣಿಸಿಕೊಂಡಿತು. ಚೀನಾದ ತಂಡವು ಇದರ ಹಿಂದಿನ ರಾಸಾಯನಿಕ ಹೆಜ್ಜೆಯನ್ನೂ ತೋರಿಸಿತು: ಬೇರು ಓರೆಯಾದಾಗ ಲೇಝಿ ಪ್ರೋಟೀನಿಗೆ ಫಾಸ್ಫೇಟ್ ಗುಂಪುಗಳು ಜೋಡಿಸಲ್ಪಡುತ್ತವೆ, ಅದರಿಂದ ಅಮೈಲೋಪ್ಲಾಸ್ಟ್‌ನ ಹೊರಪೊರೆಯ ಪ್ರೋಟೀನುಗಳೊಂದಿಗೆ ಅದರ ನಂಟು ಬಲವಾಗುತ್ತದೆ, ಹೀಗೆ ಕಣದ ಮೇಲೆ ಹೆಚ್ಚು ಪ್ರೋಟೀನು ಕೂಡಿಕೊಳ್ಳುತ್ತದೆ.

ಇದರ ಅರ್ಥವನ್ನು ಬಿಡಿಸಿ ಹೇಳುವುದಾದರೆ, ಕಣವು ಬಾಗಿಲನ್ನು ದೂಡುವ ಕಲ್ಲಲ್ಲ, ಕಾಗದವನ್ನು ಹೊತ್ತು ತರುವ ಅಂಚೆಯವನು. ಎಲ್ಲಿ ಬಂದು ನಿಲ್ಲುತ್ತದೆಯೋ ಅಲ್ಲಿಯ ಪೊರೆಗೆ ತನ್ನ ಮೈಮೇಲಿನ ಪ್ರೋಟೀನನ್ನು ದಾಟಿಸುತ್ತದೆ. ತೂಕವು ಕೆಲಸಕ್ಕೆ ಬರುವುದು ಕಣವನ್ನು ಅಲ್ಲಿಯವರೆಗೆ ಒಯ್ಯುವುದಕ್ಕೆ ಮಾತ್ರ. ಆದ್ದರಿಂದಲೇ ಕಣ ಎಷ್ಟು ಜೋರಾಗಿ ಒತ್ತುತ್ತದೆ ಎಂಬುದು ಮುಖ್ಯವಾಗುವುದಿಲ್ಲ, ಕಾಂತಕ್ಷೇತ್ರದಿಂದ ತಳ್ಳಲ್ಪಟ್ಟ ಕಣವೂ ಅಷ್ಟೇ ಪರಿಣಾಮಕಾರಿಯಾಗುತ್ತದೆ. ಒತ್ತಡದ ಪಾತ್ರ ಸಂಪೂರ್ಣವಾಗಿ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಬೇರು ಓರೆಯಾದ ಒಂದು ನಿಮಿಷದೊಳಗೇ ಕಾಲ್ಯುಮೆಲ್ಲಾ ಕೋಶದ್ರವ್ಯದ ಆಮ್ಲೀಯತೆ ಕಡಿಮೆಯಾಗುವುದು ಅಳತೆಗೆ ಸಿಕ್ಕಿರುವ ಸಂಗತಿ, ಕಣಗಳು ಪೂರ್ತಿ ನೆಲೆಗೊಳ್ಳುವ ಮೊದಲೇ ನಡೆಯುವ ಇಂಥ ಬದಲಾವಣೆಗಳಿಗೂ ವಿವರಣೆ ಬೇಕು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಪಠ್ಯಪುಸ್ತಕಗಳಲ್ಲಿ ಚೆನ್ನಾಗಿಯೇ ಇದೆ. ಪೊರೆಗೆ ಬಂದ ಲೇಝಿಯು ಇತರ ಪ್ರೋಟೀನುಗಳನ್ನು ಅಲ್ಲಿಗೆ ಕರೆಸಿಕೊಳ್ಳುತ್ತದೆ, ಅವು ಪಿನ್-3 ಎಂಬ ಸಾಗಣೆ ಪ್ರೋಟೀನು ಕೋಶದ ಆ ಬದಿಯಲ್ಲೇ ನೆಲೆಗೊಳ್ಳುವಂತೆ ಮಾಡುತ್ತವೆ. ಪಿನ್ ಪ್ರೋಟೀನುಗಳು ಆಕ್ಸಿನ್ ಎಂಬ ಸಸ್ಯ ಹಾರ್ಮೋನನ್ನು ಕೋಶದಿಂದ ಹೊರಹಾಕುವ ದ್ವಾರಗಳು. ಎಲ್ಲ ಬದಿಗಳಿಗೂ ಸಮನಾಗಿ ಹರಿಯುತ್ತಿದ್ದ ಆಕ್ಸಿನ್ ಈಗ ಕೆಳಬದಿಗೆ ಹೆಚ್ಚಾಗಿ ಹರಿಯುತ್ತದೆ. ಅಲ್ಲಿಂದ ಬೇರಿನ ಹೊರಪದರದ ಕೋಶಗಳು ಪಿನ್-2 ಎಂಬ ಇನ್ನೊಂದು ಸಾಗಣೆ ಪ್ರೋಟೀನಿನ ಮೂಲಕ ಅದನ್ನು ಹಿಂದಕ್ಕೆ, ಕೋಶಗಳು ಉದ್ದವಾಗುವ ವಲಯಕ್ಕೆ ಕೈಯಿಂದ ಕೈಗೆ ದಾಟಿಸುತ್ತವೆ. ಡಾರ್ವಿನ್ ಊಹಿಸಿದ್ದ ಸಂದೇಶ ಇದೇ. ಕಾಂಡದಲ್ಲಿ ಆಕ್ಸಿನ್ ಬೆಳವಣಿಗೆಯನ್ನು ಹೆಚ್ಚಿಸಿದರೆ ಬೇರಿನಲ್ಲಿ ಅದೇ ಆಕ್ಸಿನ್ ಉದ್ದವಾಗುವಿಕೆಯನ್ನು ತಡೆಯುತ್ತದೆ, ಅದೂ ಅರ್ಧ ನಿಮಿಷದೊಳಗೆ. ಕೆಳಬದಿಯ ಕೋಶಗಳು ಕುಂಟುತ್ತವೆ, ಮೇಲ್ಬದಿಯವು ಮುಂದುವರಿಯುತ್ತವೆ, ಬೇರು ಕೆಳಕ್ಕೆ ಬಾಗುತ್ತದೆ. ಬೇರನ್ನು ಅಡ್ಡ ಮಲಗಿಸಿದ ಸುಮಾರು ಐದು ನಿಮಿಷಗಳಲ್ಲಿಯೇ ಎರಡು ಬದಿಗಳ ಆಕ್ಸಿನ್ ಪ್ರಮಾಣದಲ್ಲಿ ವ್ಯತ್ಯಾಸ ಕಾಣುತ್ತದೆ. 2012ರ ಒಂದು ಅಧ್ಯಯನದಲ್ಲಿ ಅರಬಿಡಾಪ್ಸಿಸ್ ಬೇರಿನ ತುದಿಯು ಮಟ್ಟದಿಂದ ಸುಮಾರು 40 ಡಿಗ್ರಿ ಕೆಳಕ್ಕೆ ಬಾಗಿದ ಹೊತ್ತಿಗೇ ಈ ವ್ಯತ್ಯಾಸ ಅಳಿಸಿಹೋಗಿತ್ತು. ಬೇರು ಪೂರ್ತಿ ನೆಟ್ಟಗಾಗುವವರೆಗೂ ಸಂಕೇತ ಕಾಯುವುದಿಲ್ಲ.

ಪಿಷ್ಟವಿಲ್ಲದ ಬೇರುಗಳೂ ಅಷ್ಟಿಷ್ಟು ಬಾಗುವ ವಿಷಯವನ್ನು ಬಾಕಿ ಉಳಿಸಿದ್ದೆ. ಖಾಲಿಯಾದ ಅಮೈಲೋಪ್ಲಾಸ್ಟ್ ಕೂಡ ಕೋಶದ್ರವ್ಯಕ್ಕಿಂತ ತುಸು ಭಾರವಾಗಿದ್ದು ಅಲ್ಪಸ್ವಲ್ಪ ಸರಿದೀತು ಎಂಬುದು ಒಂದು ವಿವರಣೆ. ಕಣಗಳಲ್ಲ, ಇಡೀ ಕೋಶದ ದ್ರವ್ಯವೇ ತನ್ನ ಭಾರದಿಂದ ಮೇಲಿನ ಪೊರೆಯನ್ನು ಜಗ್ಗಿ ಕೆಳಗಿನದ್ದನ್ನು ಒತ್ತುತ್ತದೆ ಎಂಬುದು ಇನ್ನೊಂದು. ಇದಕ್ಕೆ ಕಾರಾ ಪಾಚಿಯ ದೊಡ್ಡ ಕೋಶಗಳ ಪ್ರಯೋಗಗಳು ಆಧಾರವಾಗಿವೆ. ನನಗೆ ಮೊದಲನೆಯದೇ ಹೆಚ್ಚು ಸಮಂಜಸವೆನಿಸುತ್ತದೆ, ಏಕೆಂದರೆ ಲೇಝಿಯ ಪ್ರೋಟೀನು ಹೊತ್ತ ಕಣವು ಪೊರೆಯತ್ತ ಸ್ವಲ್ಪ ಹೆಚ್ಚು ಬಾರಿ ಸುಳಿದರೂ ಸಾಕು, ಎರಡು ಬದಿಗಳ ನಡುವೆ ಚಿಕ್ಕ ವ್ಯತ್ಯಾಸವೊಂದು ಹುಟ್ಟಿಕೊಳ್ಳುತ್ತದೆ.

ಕೊನೆಯದಾಗಿ ಬಾಹ್ಯಾಕಾಶ. ತೂಕವಿಲ್ಲದ ಸ್ಥಿತಿಯಲ್ಲಿ ಮೊಳೆತ ಬೇರುಗಳು ಬೀಜ ಯಾವ ಕಡೆಗೆ ಮುಖ ಮಾಡಿತ್ತೋ ಆ ದಿಕ್ಕಿನಲ್ಲಿ ಹೊರಟು, ಆಮೇಲೆ ಅತ್ತಿತ್ತ ಅಲೆಯುತ್ತವೆ. ನೌಕೆಯಲ್ಲಿರುವ ತಿರುಗುವ ಯಂತ್ರದಲ್ಲಿ ಅವನ್ನು ಇಟ್ಟರೆ ನೈಟ್ ಅವರ ಚಕ್ರದಲ್ಲಿದ್ದಂತೆಯೇ ಹೊರಮುಖವಾಗಿ ಸಾಗುತ್ತವೆ. ಅದಕ್ಕೆ ಭೂಮಿಯಷ್ಟು ಎಳೆತ ಬೇಕಾಗಿಲ್ಲ, ಅದರ ಸಾವಿರದಲ್ಲೊಂದು ಪಾಲಿಗೂ ಕಡಿಮೆ ಸಾಕು. ಕಣಗಳು ಆಗ ಎಲ್ಲಿರುತ್ತವೆ ಎಂದು ನೀವು ಕೇಳಬಹುದು. ಕೋಶದ ತುಂಬ ಚದುರಿರುತ್ತವೆಂದೇ ಎಲ್ಲರೂ ನಿರೀಕ್ಷಿಸಿದ್ದರು. ಬಾಹ್ಯಾಕಾಶದಲ್ಲಿ ಬೆಳೆದ ಮಸೂರ ಅವರೆಯ ಬೇರುಗಳನ್ನು ತಂದು ಸೀಳಿ ನೋಡಿದಾಗ ಅವು ಚದುರಿರಲಿಲ್ಲ. ಬೇರಿನ ತುದಿಯಿಂದ ದೂರದ ಬದಿಗೆ, ಕೋಶಕೇಂದ್ರದ ಸಮೀಪಕ್ಕೆ ಸರಿದು ಗುಂಪಾಗಿದ್ದವು. ಕೋಶದೊಳಗೆ ಕಣಗಳನ್ನು ಎಳೆದಾಡುವ ಆಕ್ಟಿನ್ ಎಂಬ ತಂತುಗಳನ್ನು ಕೆಡಿಸುವ ಔಷಧ ಹಾಕಿದ ಬೇರುಗಳಲ್ಲಿ ಈ ಸರಿಯುವಿಕೆ ಕಡಿಮೆಯಿತ್ತು. ಭೂಮಿಯ ಮೇಲೆ ಕಣಗಳು ತಳದಲ್ಲಿ ಕೂತಿರುವುದು ತಮ್ಮನ್ನು ಮೇಲಕ್ಕೆ ಎಳೆಯುತ್ತಲೇ ಇರುವ ಈ ತಂತುಗಳನ್ನು ತೂಕವು ಮೀರಿಸುತ್ತಿರುವುದರಿಂದ.